ಮುಂದಿನ ಮಾಡೆಲ್ಲಿಗಾಗಿ ಕಾದ ತಿರುಗಾಟಗಳು

'ಈಗಲೇ ತೆಗೆದುಕೊಳ್ಳಲಾ, ಹೊಸದು ಬರುವವರೆಗೆ ಕಾಯಲಾ?' ಕ್ಯಾಮೆರಾ ಕೊಳ್ಳಲು ಹೊರಟ ಎಳೆಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಯಾವ ಕಂಪನಿ, ಯಾವ ಮಾಡೆಲ್ ಎಂದು ನಾನು ವಿಚಾರಿಸುವುದಿಲ್ಲ. ಯಾವುದರ ಫೋಟೋ ತೆಗೆಯಬೇಕೆಂದಿದ್ದೀರಿ, ಅದು ನಿಮಗಾಗಿ ಎಷ್ಟು ಕಾಲ ನಿಂತಿರುತ್ತದೆ ಎಂದು ಕೇಳುತ್ತೇನೆ. ಈ ಪ್ರಶ್ನೆಯನ್ನು 2010ರಲ್ಲಿ ನನಗೆ ನಾನೇ ಹಾಕಿಕೊಳ್ಳಲಿಲ್ಲ. ಅದರಿಂದ ಏನು ಕಳೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ತೆಗೆಯಬೇಕಾಗಿದ್ದುದು ಮಾವನ ಮುಖ. ಅಮ್ಮನ ದೊಡ್ಡಣ್ಣ ಅವರು. ತೆಂಕುತಿಟ್ಟು ಯಕ್ಷಗಾನದ ದೇವಸ್ಥಾನ ಮೇಳವೊಂದರಲ್ಲಿ ಬಣ್ಣದ ವೇಷ ಮಾಡುತ್ತಿದ್ದರು. ಮಹಿಷಾಸುರ, ರಾವಣ, ಕುಂಭಕರ್ಣರಂಥ ರಾಕ್ಷಸ ಪಾತ್ರಗಳಿಗೆ ಕರಾವಳಿಯಲ್ಲಿ ಬಣ್ಣದ ವೇಷ ಎನ್ನುತ್ತಾರೆ. ಶೂರ್ಪನಖಿಯಂಥವರದ್ದು ಹೆಣ್ಣು ಬಣ್ಣ. ಉಳಿದವರು ಮುಖವರ್ಣಿಕೆ ಮುಗಿಸಿ ಗೆಜ್ಜೆ ಕಟ್ಟುವ ಹೊತ್ತಿಗೂ ಬಣ್ಣದ ವೇಷದವರ ಕೆಲಸ ಅರ್ಧ ಆಗಿರುವುದಿಲ್ಲ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ನುಣ್ಣಗೆ ಕಲಸಿ, ಅದನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಬಣ್ಣ ಬಳಿದ ಮುಖದ ಮೇಲೆ ಒಂದೊಂದೇ ಮುಳ್ಳಿನ ಹಾಗೆ ಎಳೆದು ನಿಲ್ಲಿಸಬೇಕು. ಇದಕ್ಕೆ ಚುಟ್ಟಿ ಇಡುವುದು ಎನ್ನುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೊಂದು ಸಾಲು. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕಡ್ಡಿ, ಎದುರಿಗೊಂದು ಬಲ್ಬು. ಮೂರು ನಾಲ್ಕು ಗಂಟೆ ಹಾಗೇ ಕುಳಿತಿರಬೇಕು, ಮಾತಾಡುವಂತಿಲ್ಲ, ನಗುವಂತಿಲ್ಲ. ಕೆನ್ನೆ ಅಲುಗಿದರೆ ಚುಟ್ಟಿ ಬಿರುಕು ಬಿಡುತ್ತದೆ. ಬೆಳಗಾಗುವುದರೊಳಗೆ ಅದನ್ನೆಲ್ಲ ತೊಳೆದು ತೆಗೆಯಬೇಕು. ಮರುದಿನ ಇನ್ನೊಂದು ಊರಿನ ಗದ್ದೆಯಲ್ಲಿ ಮತ್ತೆ ಮೊದಲಿನಿಂದ.

ದೇವಿ ಮಹಾತ್ಮೆಯ ಆಟದಲ್ಲಿ ಮಹಿಷಾಸುರ ಬರುವುದನ್ನು ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ದೊಂದಿಗಳ ನಡುವೆ, ರಾಳದ ಬೆಂಕಿ ಹಾರಿಸುತ್ತಾ, ಜನರ ಮಧ್ಯದಿಂದಲೇ ಅಬ್ಬರಿಸಿಕೊಂಡು ಬರುತ್ತಾನೆ. ಆ ಪ್ರವೇಶದ ಫೋಟೋ ತೆಗೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಆಸೆ ಅದಕ್ಕೂ ಹಿಂದಿನ ಗಂಟೆಗಳದ್ದು. ಬಣ್ಣ ಹಚ್ಚುವ ಚೌಕಿಯ ಮೂಲೆಯಲ್ಲಿ, ಅಂಗಿ ಕಳಚಿಟ್ಟು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಸಾಧಾರಣ ಮನುಷ್ಯನೊಬ್ಬ ಇಂಚಿಂಚಾಗಿ ರಾಕ್ಷಸನಾಗುವುದನ್ನು ಮೊದಲ ಗೆರೆಯಿಂದ ಕಿರೀಟದವರೆಗೆ ತೆಗೆದು ಒಂದು ಸರಣಿ ಮಾಡಬೇಕು. ಈ ವಿದ್ಯೆ ಕೈಯಿಂದ ಕೈಗೆ ಬರುವಂಥದ್ದು. ಕಡ್ಡಿ ಹಿಡಿಯುವ ಓರೆ, ಹಿಟ್ಟಿನ ಹದ, ಯಾವ ಸಾಲು ಮೊದಲು ಯಾವುದು ಆಮೇಲೆ ಎಂಬುದೆಲ್ಲ ಒಬ್ಬೊಬ್ಬ ಕಲಾವಿದನದ್ದೂ ಬೇರೆ ಬೇರೆ. ಅದನ್ನು ಹಂತ ಹಂತವಾಗಿ ಉಳಿಸುವುದಕ್ಕೆ ಚಿತ್ರಕ್ಕಿಂತ ಒಳ್ಳೆಯ ದಾರಿ ನನಗೆ ತೋಚಲಿಲ್ಲ. ಇಂದಿಗೂ ತೋಚಿಲ್ಲ.

ಆಗ ನನ್ನ ಕೈಯಲ್ಲಿ ಇದ್ದದ್ದು ನಿಕಾನ್ ಡಿ90, ಜೊತೆಗೆ ಬಂದ 18–105 ಎಂಎಂ ಲೆನ್ಸ್. ಬೆಂಗಳೂರಿನಿಂದ ರಜೆ ಹಾಕಿ ಊರಿಗೆ ಹೋಗಿ, ಹರಕೆ ಆಟವೊಂದರ ಚೌಕಿಯಲ್ಲಿ ಮಾವನ ಪಕ್ಕ ಕುಳಿತೆ. ಫ್ಲ್ಯಾಶ್ ಹಾಕುವ ಮಾತೇ ಇರಲಿಲ್ಲ. ಕನ್ನಡಿ ನೋಡುತ್ತಾ ಕೂದಲೆಳೆಯ ಕೆಲಸ ಮಾಡುವವರ ಕಣ್ಣಿಗೆ ಮಿಂಚು ಹೊಡೆಯುವುದು ಅಪರಾಧ. ಲೆನ್ಸನ್ನು ಮುಖದ ಹತ್ತಿರಕ್ಕೆ ಎಳೆದರೆ ಅಪರ್ಚರ್ ಎಫ್/5.6ಕ್ಕೆ ಬಂದು ನಿಲ್ಲುತ್ತಿತ್ತು. ಐಎಸ್‌ಓ 1600 ಇಟ್ಟರೂ ಶಟರ್ 1/8 ಸೆಕೆಂಡಿಗಿಂತ ಮೇಲೆ ಏರಲಿಲ್ಲ. ಮಾವನ ಕೈ ಮಸುಕಾಯಿತು, ಕಡ್ಡಿಯ ತುದಿ ಕಾಣಿಸಲೇ ಇಲ್ಲ, ಅರ್ಧ ಚಿತ್ರಗಳಲ್ಲಿ ಫೋಕಸ್ ಹಿಂದಿನ ಗೋಡೆಗೆ ಹೋಗಿತ್ತು.

ಬೆಳಗ್ಗೆ ಬಣ್ಣ ತೊಳೆದು ಬಂದ ಮಾವ, 'ಸಿಕ್ಕಿತಾ?' ಎಂದು ಕೇಳಿದರು.

'ಈ ಕ್ಯಾಮೆರಾ ಸಾಲುವುದಿಲ್ಲ ಮಾವ. ಒಳ್ಳೆಯದೊಂದು ತೆಗೆದುಕೊಂಡು ಮುಂದಿನ ತಿರುಗಾಟಕ್ಕೆ ಬರ್ತೇನೆ' ಎಂದೆ.

'ಬಾ ಮಾರಾಯ. ನಾನು ಎಲ್ಲಿಗೆ ಹೋಗ್ಲಿಕ್ಕುಂಟು' ಎಂದರು.

ಒಳ್ಳೆಯದೊಂದು ಎಂದು ನನ್ನ ಮನಸ್ಸಿನಲ್ಲಿದ್ದದ್ದು ಡಿ700. 2008ರ ಜುಲೈಯಲ್ಲಿ ಬಂದ ಫುಲ್‌ಫ್ರೇಮ್ ಕ್ಯಾಮೆರಾ, 12 ಮೆಗಾಪಿಕ್ಸೆಲ್, ಕತ್ತಲಿನಲ್ಲಿ ಅದು ಮಾಡುತ್ತಿದ್ದ ಕೆಲಸಕ್ಕೆ ಆಗಲೇ ದೊಡ್ಡ ಹೆಸರು ಬಂದಿತ್ತು. ಬೆಲೆ ಲಕ್ಷ ದಾಟಿತ್ತು, ಆದರೆ ನಾನು ದುಡ್ಡು ಕೂಡಿಟ್ಟಿದ್ದೆ. ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೂ ಆಗಿತ್ತು. ಅಷ್ಟರಲ್ಲಿ ಗೆಳೆಯನೊಬ್ಬ, 'ಎರಡು ವರ್ಷ ಹಳೆಯ ಮಾಡೆಲ್. ಇದರ ಮುಂದಿನದು ಇನ್ನೇನು ಬಂದೇಬಿಡುತ್ತದೆ. ಈಗ ಕೊಂಡರೆ ಮೂರ್ಖನಾಗುತ್ತಿ' ಎಂದ. ನನಗೂ ಹಾಗೇ ಅನಿಸಿತು. ಡಿ700 ಅನ್ನು ಮೇಜಿನ ಮೇಲಿಟ್ಟು ಬಂದೆ.

ಆಮೇಲೆ ನಡೆದದ್ದು ಕ್ಯಾಮೆರಾ ಚರಿತ್ರೆಯಲ್ಲಿ ದಾಖಲಾಗಿರುವ ಸಂಗತಿ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ ಭೂಕಂಪವಾಗಿ ಸುನಾಮಿ ಬಂತು. ನಿಕಾನ್ ತನ್ನ ದೊಡ್ಡ ಕ್ಯಾಮೆರಾಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ ಇದ್ದದ್ದು ಅದೇ ಕರಾವಳಿಯ ಸೆಂಡೈ ಭಾಗದಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಅಯುತ್ಥಾಯದಲ್ಲಿದ್ದ ಅದರ ಇನ್ನೊಂದು ಕಾರ್ಖಾನೆ ನೀರಿನಲ್ಲಿ ಮುಳುಗಿತು. ಅಲ್ಲಿ ಮನೆಮಠ ಕಳೆದುಕೊಂಡವರ ಸುದ್ದಿ ಓದುತ್ತಾ ನಾನು ಯೋಚಿಸಿದ್ದು ನನ್ನ ಕ್ಯಾಮೆರಾ ಇನ್ನೆಷ್ಟು ತಿಂಗಳು ತಡವಾಗುತ್ತದೆ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಕಾಯುವ ಚಟ ಮನಸ್ಸನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಗೊತ್ತಾಗಬೇಕಾದರೆ ಇದನ್ನು ಬಿಡುವಂತಿಲ್ಲ.

2012ರ ಫೆಬ್ರವರಿಯಲ್ಲಿ ಡಿ800 ಬಂತು. 36 ಮೆಗಾಪಿಕ್ಸೆಲ್, ಒಂದೊಂದು ರಾ ಫೈಲ್ 75 ಎಂಬಿವರೆಗೆ ಹೋಗುತ್ತಿತ್ತು. ನನ್ನ ಲ್ಯಾಪ್‌ಟಾಪ್ ತಡೆಯುವುದಿಲ್ಲ, ಇದು ಡಿ700ರ ವಂಶದ್ದೇ ಅಲ್ಲ, ಸ್ಟುಡಿಯೋದವರಿಗೆ ಮಾಡಿದ್ದು ಎಂದು ಬಿಟ್ಟೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಿ600 ಬಂತು. ಅದರ ಸೆನ್ಸರಿನ ಮೇಲೆ ಚುಕ್ಕೆ ಬೀಳುತ್ತದೆಂಬ ದೂರು ಎದ್ದು, ಮುಂದಿನ ವರ್ಷ ಕಂಪನಿಯೇ ಗ್ರಾಹಕರಿಗೆ ಸೂಚನೆ ಹೊರಡಿಸಬೇಕಾಯಿತು. ಬಿಟ್ಟೆ. 2013ರ ಅಕ್ಟೋಬರಿನಲ್ಲಿ ಅದನ್ನು ಸರಿಪಡಿಸಿದ ಡಿ610 ಬಂತು. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದುಡ್ಡೇ ಎಂದೆ. ನವೆಂಬರಿನಲ್ಲಿ ಡಿಎಫ್ ಬಂತು. ಹಳೆಯ ಫಿಲ್ಮ್ ಕ್ಯಾಮೆರಾದ ರೂಪ, ಒಳಗೆ ಡಿ4ರ 16 ಮೆಗಾಪಿಕ್ಸೆಲ್ ಸೆನ್ಸರ್. ಕತ್ತಲ ಚೌಕಿಗೆ ಅದಕ್ಕಿಂತ ತಕ್ಕ ನಿಕಾನ್ ನನ್ನ ಕೈಗೆಟುಕುವ ಬೆಲೆಯಲ್ಲಿ ಆಗ ಇರಲಿಲ್ಲ. ಅದರಲ್ಲಿ ವಿಡಿಯೊ ಇಲ್ಲ ಎಂದು ಅದನ್ನೂ ಬಿಟ್ಟೆ. ನಾನು ವಿಡಿಯೊ ಮಾಡುವವನೇ ಅಲ್ಲ.

ಒಂದು ಮಾತನ್ನು ಇಲ್ಲಿ ನಿಲ್ಲಿಸಿ ಹೇಳಬೇಕು. ನಾನು ಕೊಟ್ಟುಕೊಂಡ ಕಾರಣಗಳಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಫೈಲ್ ದೊಡ್ಡದಿದ್ದದ್ದು ನಿಜ, ಚುಕ್ಕೆ ಬಿದ್ದದ್ದು ನಿಜ, ವಿಡಿಯೊ ಇಲ್ಲದ್ದು ನಿಜ. ಪ್ರತಿಯೊಂದನ್ನೂ ಯಾರ ಮುಂದೆ ಬೇಕಾದರೂ ಸಮರ್ಥಿಸಿಕೊಳ್ಳುವಷ್ಟು ಓದಿಕೊಂಡಿದ್ದೆ. ನಿಜವಾದ ಕಾರಣಗಳನ್ನೇ ಒಂದರ ಮೇಲೊಂದು ಪೇರಿಸಿ ಮನುಷ್ಯ ತಪ್ಪು ತೀರ್ಮಾನಕ್ಕೆ ಬರಬಲ್ಲ. ಅದಕ್ಕೇ ಅದು ಅವನ ಕಣ್ಣಿಗೆ ಬೀಳುವುದಿಲ್ಲ, ಹೊರಗಿನವರೂ ಕೈಹಿಡಿದು ನಿಲ್ಲಿಸುವುದಿಲ್ಲ.

ನಡುನಡುವೆ ಆಟ ನಡೆಯುತ್ತಲೇ ಇತ್ತು. ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಡುತ್ತಿತ್ತು, ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಿತ್ತು. ಊರಿಗೆ ಹೋದಾಗ ಮಾವ, 'ಕ್ಯಾಮೆರಾ ಬಂತಾ?' ಎಂದು ಕೇಳುವರು. ಇಲ್ಲ ಮಾವ, ಬರ್ಲಿಕ್ಕುಂಟು ಎನ್ನುವೆ. ಡಿ90 ಚೀಲದಲ್ಲೇ ಇರುತ್ತಿತ್ತು. ಚೌಕಿಗೆ ಹೋಗಿ ಮಾವನ ಹತ್ತಿರ ಕುಳಿತರೂ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಸರಿಯಾದ ಕ್ಯಾಮೆರಾ ಬಂದಾಗ ತೆಗೆಯುವ ಚಿತ್ರಗಳನ್ನು ಈಗ ಕೆಟ್ಟದಾಗಿ ತೆಗೆದು ಯಾಕೆ ಹಾಳು ಮಾಡಲಿ ಎಂಬ ಭಾವ.

2014ರ ಸೆಪ್ಟೆಂಬರಿನಲ್ಲಿ ಡಿ750 ಬಂತು. 24 ಮೆಗಾಪಿಕ್ಸೆಲ್, ಹಗುರ, ಅರೆಗತ್ತಲಿನಲ್ಲೂ ಫೋಕಸ್ ಹಿಡಿಯುವ ಶಕ್ತಿ. ಇದೇ ನಾನು ಕಾದದ್ದು ಎಂದು ಮನಸ್ಸು ಹೇಳಿತು. ಆಗಲೂ ತಕ್ಷಣ ಕೊಳ್ಳಲಿಲ್ಲ. ಮೊದಲ ಕಂತಿನ ಕೆಲವು ಕ್ಯಾಮೆರಾಗಳಲ್ಲಿ ಎದುರು ಬೆಳಕು ಬಿದ್ದಾಗ ಚಿತ್ರದಲ್ಲೊಂದು ವಿಚಿತ್ರ ಪಟ್ಟಿ ಕಾಣಿಸುತ್ತದೆಂಬ ಸುದ್ದಿ ಬಂದು, ಅದು ಬಗೆಹರಿಯಲೆಂದು ಇನ್ನೂ ಕೆಲವು ತಿಂಗಳು ತಳ್ಳಿ 2015ರಲ್ಲಿ ಕೊಂಡೆ. ಕೊಂಡ ವಾರವೇ ಊರಿಗೆ ಹೋದೆ.

ಮಾವ ಮನೆಯ ಜಗಲಿಯಲ್ಲಿ ಕುಳಿತಿದ್ದರು. ಆ ವರ್ಷದ ತಿರುಗಾಟಕ್ಕೆ ಅವರು ಹೊರಟೇ ಇರಲಿಲ್ಲ. ಮೊಣಕಾಲು ಮಡಚಲಾಗುತ್ತಿರಲಿಲ್ಲ, ನಾಲ್ಕು ಗಂಟೆ ನೆಲದ ಮೇಲೆ ಕುಳಿತು, ಆಮೇಲೆ ಆ ಭಾರದ ಕಿರೀಟ ಹೊತ್ತು ಕುಣಿಯುವುದನ್ನು ವೈದ್ಯರು ಖಂಡಿತ ಬೇಡವೆಂದಿದ್ದರು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಮ್ಮ ಫೋನಿನಲ್ಲಿ ಹೇಳಿದ್ದರು. ಮಾವನ ಕಾಲುನೋವು ಒಂದು ಸುದ್ದಿ, ನನ್ನ ಕ್ಯಾಮೆರಾ ಇನ್ನೊಂದು ಸುದ್ದಿ ಎಂಬಂತೆ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೆ.

ನಾನು ಕೇಳಬಾರದ್ದನ್ನು ಕೇಳಿದೆ. 'ಮಾವ, ಮನೆಯಲ್ಲೇ, ಕುರ್ಚಿಯ ಮೇಲೆ ಕುಳಿತು ಒಂದು ಸಲ ಚುಟ್ಟಿ ಇಡಬಹುದಾ? ಫೋಟೋಕ್ಕೆ ಮಾತ್ರ.'

ಅವರಿಗೆ ಸಿಟ್ಟು ಬರಲಿಲ್ಲ. 'ಚುಟ್ಟಿ ಇಡುವುದು ಆಟಕ್ಕೆ. ಫೋಟೋಕ್ಕೆ ಇಡುವ ಕ್ರಮ ಇಲ್ಲ' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಇನ್ನು ಎಂಥ ಹೊಸ ಕ್ಯಾಮೆರಾ ಬರ್ಲಿಕ್ಕುಂಟು?' ಎಂದು ಕೇಳಿದರು. ನಿಜವಾದ ಕುತೂಹಲದಿಂದಲೇ ಕೇಳಿದ್ದು. ನನ್ನಲ್ಲಿ ಉತ್ತರ ಇರಲಿಲ್ಲ.

ಅವರು ಚುಟ್ಟಿ ಇಡುತ್ತಿರುವ ಚಿತ್ರ ಆ ಮನೆಯಲ್ಲಿ ಒಂದೇ ಒಂದಿದೆ. ಮೇಳದ ಕೋಡಂಗಿ ವೇಷದ ಹುಡುಗನೊಬ್ಬ ಅಗ್ಗದ ಫೋನಿನಲ್ಲಿ ತೆಗೆದದ್ದು. ಬಣ್ಣ ಕೆಟ್ಟಿದೆ, ಅಂಚು ಒಡೆದಿದೆ. ಆದರೆ ಕಡ್ಡಿ ಹಿಡಿದ ಬೆರಳುಗಳು ಕಾಣುತ್ತವೆ, ಕನ್ನಡಿಯೊಳಗಿನ ಕಣ್ಣು ಕಾಣುತ್ತದೆ. ಮಾವನ ಕೆಲಸದ ದಾಖಲೆ ಎಂದರೆ ಅದು. ಛಾಯಾಗ್ರಾಹಕನೆಂದು ಊರಿನಲ್ಲಿ ಹೆಸರು ನನ್ನದು, ಮಾಡಿದ್ದು ಆ ಹುಡುಗ.

ಆಮೇಲೆ ಬಹಳ ದಿನ ನಾನು ಲೆಕ್ಕ ಹಾಕಿದೆ. ಅದರ ಫಲವನ್ನು ಇಲ್ಲಿ ಇಡುತ್ತೇನೆ, ಯಾಕೆಂದರೆ ಕಾಯುವವರು ಈ ಲೆಕ್ಕವನ್ನು ಮೊದಲೇ ಹಾಕುವುದು ಒಳ್ಳೆಯದು. ಡಿಎಕ್ಸ್‌ಓಮಾರ್ಕ್ ಎಂಬ ಸಂಸ್ಥೆ ಸೆನ್ಸರ್‌ಗಳನ್ನು ಅಳೆದು ಅಂಕಿ ಕೊಡುತ್ತದೆ. ಮಂದ ಬೆಳಕಿನ ಸಾಮರ್ಥ್ಯಕ್ಕೆ ಅದು ಡಿ700ಕ್ಕೆ ಕೊಟ್ಟ ಅಂಕ 2303, ಡಿ750ಕ್ಕೆ 2956. ಛಾಯಾಗ್ರಾಹಕರ ಭಾಷೆಯಲ್ಲಿ ಹೇಳುವುದಾದರೆ ವ್ಯತ್ಯಾಸ ಒಂದು ಸ್ಟಾಪಿನ ಮೂರನೇ ಒಂದು ಭಾಗ. ಆರು ವರ್ಷಗಳ ಅಂತರದ ಎರಡು ಕ್ಯಾಮೆರಾಗಳ ನಡುವೆ ನನ್ನ ಕೆಲಸಕ್ಕೆ ಬೇಕಾಗಿದ್ದ ಗುಣದಲ್ಲಿ ಆದ ಏರಿಕೆ ಅಷ್ಟೇ. ಹೊಸದರಲ್ಲಿ ಫೋಕಸ್ ಉತ್ತಮವಾಗಿತ್ತು, ನೆರಳಿನ ವಿವರ ಹೆಚ್ಚು ಉಳಿಯುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಅವು ಇಲ್ಲದೆ ಚಿತ್ರ ಬರುತ್ತಿರಲಿಲ್ಲವೇ? ಬರುತ್ತಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. ನನ್ನಲ್ಲಿದ್ದ ಲೆನ್ಸ್ ಎಫ್/5.6ಕ್ಕೆ ನಿಲ್ಲುತ್ತಿತ್ತು. ನಿಕಾನಿನ 50 ಎಂಎಂ ಎಫ್/1.8 ಲೆನ್ಸ್ ಆಗ ಹತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು. 5.6ರಿಂದ 1.8ಕ್ಕೆ ಬಂದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ಅದೇ ಡಿ90, ಅದೇ ಬಲ್ಬು, ಅದೇ ಐಎಸ್‌ಓ 1600. ಶಟರ್ ಮಾತ್ರ 1/8ರಿಂದ 1/80ಕ್ಕೆ ಏರುತ್ತಿತ್ತು. ಚುಟ್ಟಿ ಇಡುವವರು ಅಲುಗುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ. ಅಷ್ಟು ನಿಶ್ಚಲವಾಗಿ ಕೂರುವ ಮನುಷ್ಯರ ಮುಂದೆ 1/80 ಧಾರಾಳ ಸಾಕು. ಅಷ್ಟು ತೆರೆದಾಗ ಮೂಗಿನ ಚುಟ್ಟಿ ಸ್ಪಷ್ಟವಿದ್ದು ಕಿವಿಯ ಹತ್ತಿರ ಮಸುಕಾಗುತ್ತಿತ್ತು, ನಿಜ. ಅದು ಸಹಿಸಬಹುದಾದ ಕೊರತೆ. ಫಿಲ್ಮಿನ ಕಾಲದಲ್ಲಿ 400 ಐಎಸ್‌ಓ ಎಂದರೇ ವೇಗದ ಫಿಲ್ಮು. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥವರು ಸಾಮಾನ್ಯ ಜನರ ಬದುಕನ್ನು ದಶಕಗಳ ಕಾಲ ಹಿಡಿದದ್ದು ಫಿಲ್ಮಿನಲ್ಲೇ. ಮೊದಲ ರಾತ್ರಿ ಸೋತು ಬಂದಾಗ ನಾನು ಕೇಳಿಕೊಳ್ಳಬೇಕಾಗಿದ್ದುದು ಬೆಳಕು ಎಲ್ಲಿ ಸೋರಿಹೋಯಿತು ಎಂದು. ನಾನು ಕೇಳಿಕೊಂಡದ್ದು ಯಾವ ಕ್ಯಾಮೆರಾ ಬೇಕು ಎಂದು.

ಯಾಕೆ ಹೀಗೆ ಮಾಡಿದೆ? ಜಿಪುಣತನವಲ್ಲ, ಕೊನೆಗೆ ಖರ್ಚು ಮಾಡಿಯೇ ಮಾಡಿದೆ. ಅಜ್ಞಾನವೆಂದರೂ ಪೂರ್ತಿ ಸರಿಯಲ್ಲ, ಅಪರ್ಚರಿನ ಲೆಕ್ಕ ನನಗೆ ಗೊತ್ತೇ ಇತ್ತು. ನನ್ನೊಳಗೆ ಹೆದರಿಕೆ ಇತ್ತು ಎಂದು ಈಗ ಅನಿಸುತ್ತದೆ. ಮಾವನ ಕೆಲಸ ಅಷ್ಟು ದೊಡ್ಡದು. ಅದರ ಎದುರು ನನ್ನ ಚಿತ್ರ ಸಪ್ಪೆಯಾದರೆ? ಕ್ಯಾಮೆರಾ ಬರುವವರೆಗೆ ಆ ಪರೀಕ್ಷೆಯನ್ನು ಮುಂದೂಡಬಹುದಿತ್ತು. ಮುಂದಿನ ಮಾಡೆಲಿನ ಸುದ್ದಿ ಓದುವುದು, ಹೋಲಿಸುವುದು, ಗೆಳೆಯರೊಡನೆ ಚರ್ಚಿಸುವುದು ಎಲ್ಲವೂ ಚಿತ್ರ ತೆಗೆದಷ್ಟೇ ತೃಪ್ತಿ ಕೊಡುತ್ತಿತ್ತು. ಕೆಲಸ ಮಾಡದೆಯೇ ಕೆಲಸ ಮಾಡಿದ ದಣಿವು ಬರುತ್ತಿತ್ತು.

ಕಾಯುವುದೇ ತಪ್ಪು ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಸ ಕ್ಯಾಮೆರಾವನ್ನು ಕಂಪನಿ ಘೋಷಿಸಿ, ಮಾರಾಟದ ತಾರೀಕು ಕೊಟ್ಟಿದ್ದರೆ ಕೆಲವು ವಾರ ತಡೆಯುವುದು ಜಾಣತನ. ಹಳೆಯದರ ಬೆಲೆಯಾದರೂ ಇಳಿಯುತ್ತದೆ. ಘೋಷಣೆ ಇಲ್ಲದೆ ಬರೀ ಗಾಳಿಸುದ್ದಿ ಇದ್ದರೆ ಆ ಕ್ಯಾಮೆರಾ ಇಲ್ಲವೆಂದೇ ಲೆಕ್ಕ. ನಾನು ಕೊಂಡ ಡಿ750ರ ಮುಂದಿನದಾದ ಡಿ780 ಬಂದದ್ದು 2020ರ ಜನವರಿಯಲ್ಲಿ, ಅಷ್ಟರಲ್ಲಿ 2018ರಲ್ಲೇ ಕಂಪನಿ ಲೆನ್ಸ್ ಮೌಂಟನ್ನೇ ಬದಲಿಸಿ ಜಡ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊರಳಿತ್ತು. ನೀವು ಕಾಯುತ್ತಿರುವುದು ನೀವು ನಿಂತ ದಾರಿಯಲ್ಲೇ ಬರುತ್ತದೆಂಬ ಖಾತರಿಯೂ ಇಲ್ಲ. ಬೆಟ್ಟವನ್ನೋ ಬೇಲೂರಿನ ಗೋಡೆಯನ್ನೋ ತೆಗೆಯುವವರು ಎಷ್ಟು ಬೇಕಾದರೂ ಕಾಯಲಿ. ಮನುಷ್ಯರನ್ನು, ಅದರಲ್ಲೂ ವಯಸ್ಸಾದವರನ್ನು, ಅವರ ಕೈಯಲ್ಲಿ ಮಾತ್ರ ಉಳಿದಿರುವ ಕೆಲಸವನ್ನು ತೆಗೆಯಬೇಕಾದವರು ಕಾಯಬಾರದು. ದುಡ್ಡು ಕಡಿಮೆ ಇದ್ದರೆ ಮೊದಲು ಲೆನ್ಸ್ ಕೊಳ್ಳಿ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಒಂದು ಆಟಕ್ಕೆ ಬಾಡಿಗೆ ಸಾಕು. ಚೆನ್ನಾಗಿ ಇಟ್ಟುಕೊಂಡ ಹಳೆಯ ಕ್ಯಾಮೆರಾ ಕೊಳ್ಳುವುದರಲ್ಲಿ ಏನೂ ಕೊರತೆಯಿಲ್ಲ.

ಬಣ್ಣದ ವೇಷಕ್ಕೆ ಕೈಯಿಂದಲೇ ಚುಟ್ಟಿ ಇಡುವ ಹಿರಿಯರು ಕರಾವಳಿಯ ಮೇಳಗಳಲ್ಲಿ ಇನ್ನೂ ಇದ್ದಾರೆ. ಆಟಗಳು ಕಾಲಮಿತಿಗೆ ಬರುತ್ತಿರುವುದರಿಂದ ಚೌಕಿಯ ಗಂಟೆಗಳೂ ಕಿರಿದಾಗುತ್ತಿವೆ. ಓದುಗರಲ್ಲಿ ಕ್ಯಾಮೆರಾ ಇರುವವರು, ಇಲ್ಲದಿದ್ದರೆ ಫೋನ್ ಇರುವವರು, ಈ ಸಲದ ದೀಪಾವಳಿ ಕಳೆದು ಮೇಳ ಹೊರಟ ಮೇಲೆ ಒಂದು ರಾತ್ರಿ ಹೋಗಿ. ಮೇಳದವರ ಅನುಮತಿ ಮೊದಲೇ ಕೇಳಿ, ಚಪ್ಪಲಿ ಹೊರಗೆ ಬಿಡಿ, ಫ್ಲ್ಯಾಶ್ ಬೇಡ. ವೇಷಧಾರಿ ಮುಖಕ್ಕೆ ಮೊದಲ ಬಣ್ಣ ಹಚ್ಚುವುದಕ್ಕೆ ಮುಂಚೆ ಅಲ್ಲಿರಿ. ತೆಗೆದ ಚಿತ್ರದ ಒಂದು ಪ್ರತಿಯನ್ನು ಆ ಕಲಾವಿದರ ಮನೆಗೆ ತಲುಪಿಸಿ.